ಕಾಲ ಕೆಳಗಿನ ತಗಡು

ಕಾರಿನೊಳಗೆ ಕುಳಿತು, ಗಾಜು ಪೂರ್ತಿ ಏರಿಸಿಕೊಂಡು, ಹೊರಗೆ ಸುರಿಯುವ ಮಳೆಯನ್ನು ರಾಣಿಯ ಹಾಗೆ ನೋಡುತ್ತಾ ಹೋಗುತ್ತಿದ್ದವಳ ಸೀರೆಯ ನೆರಿಗೆ ಇದ್ದಕ್ಕಿದ್ದಂತೆ ಮೊಣಕಾಲಿನ ತನಕ ಒದ್ದೆಯಾದರೆ ಏನೆನ್ನುತ್ತೀರಿ? 2023ರ ಜೂನ್ ತಿಂಗಳ ಒಂದು ಬೆಳಿಗ್ಗೆ ನನಗೆ ಆದದ್ದು ಅದೇ. ಕುಂದಾಪುರದ ನಮ್ಮ ಬೀದಿಯ ತಿರುವಿನಲ್ಲಿ ಪ್ರತಿ ಮಳೆಗಾಲಕ್ಕೂ ತಪ್ಪದೆ ಹಾಜರಾಗುವ ಒಂದು ಹೊಂಡವಿದೆ. ಅದರಲ್ಲಿ ಚಕ್ರ ಇಳಿದದ್ದೇ ತಡ, ಕ್ಲಚ್ಚಿನ ಪಕ್ಕದಿಂದ ಕೆಂಪು ನೀರು ಬುಗ್ಗೆಯ ಹಾಗೆ ಚಿಮ್ಮಿತು. ಶಾಲೆಗೆ ಹೋಗಿ ಮೊದಲ ಪೀರಿಯಡ್ಡನ್ನು ಮೇಜಿನ ಹಿಂದೆ ನಿಂತೇ ಮುಗಿಸಿದೆ. ಏಳನೆಯ ತರಗತಿಯ ಮಕ್ಕಳ ಕಣ್ಣು ಎಲ್ಲೆಲ್ಲಿ ಹೋಗುತ್ತದೆಂದು ಟೀಚರುಗಳಿಗೆ ಹೇಳಿಕೊಡಬೇಕಿಲ್ಲ.

ಸಂಜೆ ಮನೆಗೆ ಬಂದು ರಬ್ಬರ್ ಮ್ಯಾಟ್ ಎತ್ತಿ ನೋಡಿದೆ. ಅಂಗೈ ಅಗಲದ ತೂತು. ಅದರೊಳಗಿಂದ ನಮ್ಮ ಅಂಗಳದ ಪಾಚಿ ಕಟ್ಟಿದ ಕೆಂಪುಕಲ್ಲು ಸ್ಪಷ್ಟವಾಗಿ ಕಾಣುತ್ತಿತ್ತು. ನಮ್ಮವರು ಬಗ್ಗಿ ನೋಡಿ, "ಕಾರಿನಲ್ಲಿ ಕೂತೇ ಕಾಲು ತೊಳೆದುಕೊಳ್ಳುವ ಸೌಕರ್ಯ ಈಗಿನ ಹತ್ತು ಲಕ್ಷದ ಕಾರಿನಲ್ಲೂ ಇಲ್ಲ ನೋಡು" ಎಂದರು. ಬ್ಯಾಂಕಿನವರಿಗೆ ಬೇರೆಯವರ ನಷ್ಟದಲ್ಲಿ ಯಾವಾಗಲೂ ಹಾಸ್ಯ ಕಾಣುತ್ತದೆ.

ಈ ಕಾರು ನಿಜವಾಗಿ ನನ್ನದಲ್ಲ, ಅಪ್ಪಯ್ಯನದು. 1979ರ ಪ್ರೀಮಿಯರ್ ಪದ್ಮಿನಿ. ಇಟಲಿಯ ಫಿಯೆಟ್ ಕಂಪೆನಿಯ ವಿನ್ಯಾಸವನ್ನು ತಂದು ಮುಂಬಯಿಯ ಕುರ್ಲಾದಲ್ಲಿ ಪ್ರೀಮಿಯರ್ ಆಟೊಮೊಬೈಲ್ಸ್‌ನವರು ತಯಾರಿಸುತ್ತಿದ್ದ ಕಾರು ಇದು. 1974ರಲ್ಲಿ ಅದಕ್ಕೆ 'ಪದ್ಮಿನಿ' ಎಂಬ ರಾಣಿಯ ಹೆಸರು ಬಂದರೂ ನಮ್ಮೂರಿನ ಬಾಯಿಗೆ ಅದು ಕೊನೆಯ ತನಕ 'ಫಿಯೆಟ್ಟೇ'. ಮುಂಬಯಿಯಲ್ಲಿ ಹೋಟೆಲು ನಡೆಸುತ್ತಿದ್ದ ನೆಂಟರೊಬ್ಬರಿಂದ 1986ರಲ್ಲಿ ಅಪ್ಪಯ್ಯ ಅದನ್ನು ಸೆಕೆಂಡ್‌ಹ್ಯಾಂಡಿಗೆ ಕೊಂಡು, ಕರಾವಳಿಯ ಹೆದ್ದಾರಿಯಲ್ಲಿ ಎರಡು ದಿನ ಓಡಿಸಿಕೊಂಡು ಬಂದಿದ್ದರು. ನಮ್ಮ ದಿನಸಿ ಅಂಗಡಿಯ ಮುಂದೆ ಅದು ಬಂದು ನಿಂತಾಗ ಅಮ್ಮ ಆರತಿ ಎತ್ತಿ ಚಕ್ರಗಳಿಗೆ ನಿಂಬೆಹಣ್ಣು ಇಟ್ಟಳು. ಗೇರ್ ಸ್ಟಿಯರಿಂಗಿನ ಬುಡದಲ್ಲೇ ಇರುವುದರಿಂದ ಮುಂದಿನ ಸೀಟು ಒಂದೇ ಉದ್ದಕ್ಕೆ ಹಾಸಿದ ಬೆಂಚಿನ ಹಾಗಿತ್ತು. ಅಪ್ಪಯ್ಯ, ಅಮ್ಮ, ನಡುವೆ ತಮ್ಮ. ಹಿಂದೆ ನಾನು, ಅಜ್ಜಿ, ಅಕ್ಕಿಮೂಟೆ. ನಾನು ಡ್ರೈವಿಂಗ್ ಕಲಿತದ್ದೂ ಅದರಲ್ಲೇ.

ಅಮ್ಮನಿಗೆ ಆ ಕಾರಿನಲ್ಲಿ ಒಂದು ಕೆಟ್ಟ ಅಭ್ಯಾಸವಿತ್ತು. ಮುಂದಿನ ಸೀಟಿನಲ್ಲಿ ಚಪ್ಪಲಿ ಬಿಟ್ಟು, ಎರಡೂ ಕಾಲನ್ನು ಮೇಲೆತ್ತಿ, ಜಗಲಿಯಲ್ಲಿ ಹೂ ಕಟ್ಟಲು ಕೂತವಳ ಹಾಗೆ ಚಕ್ಕಳಮಕ್ಕಳ ಹಾಕಿ ಕೂತುಬಿಡುತ್ತಿದ್ದಳು. ಕೆಲಸಕ್ಕೆ ಸೇರಿದ ಹೊಸತರಲ್ಲಿ ನನಗೆ ಇದರಿಂದ ಬಹಳ ನಾಚಿಕೆ. ಒಮ್ಮೆ ಸಹೋದ್ಯೋಗಿಯೊಬ್ಬಳ ಮದುವೆಗೆ ಹೋದಾಗ ಛತ್ರದ ಬಾಗಿಲಲ್ಲಿ ಎಲ್ಲರೂ ನೋಡುತ್ತಿದ್ದಂತೆ ಅಮ್ಮ ಮಡಚಿದ ಕಾಲನ್ನು ಒಂದೊಂದಾಗಿ ಬಿಡಿಸಿ ಇಳಿದಳು. ಯಾರೋ ಕಿಸಕ್ಕೆಂದರು. ಹಿಂತಿರುಗುವಾಗ ನಾನು, "ಕಾಲು ಕೆಳಗಿಡಮ್ಮಾ, ಇದು ಕಾರು, ಜಗಲಿ ಅಲ್ಲ. ಜನ ನೋಡ್ತಾರೆ" ಎಂದು ಸಿಡುಕಿದ್ದೆ. "ನಂಗೆ ಹೀಗೇ ಹಿತ ಮಾರಾಯ್ತಿ" ಎಂದಳು ಅಮ್ಮ. ಅಪ್ಪಯ್ಯ ಏನೂ ಹೇಳದೆ ರಸ್ತೆ ನೋಡುತ್ತಿದ್ದರು.

ಅಪ್ಪಯ್ಯ 2017ರಲ್ಲಿ ತೀರಿಕೊಂಡರು. ಅಮ್ಮ ನಮ್ಮ ಮನೆಗೆ ಬಂದಳು, ಅವಳ ಹಿಂದೆಯೇ ಕಾರೂ ಬಂತು. ಬೆಂಗಳೂರಿನಲ್ಲಿರುವ ತಮ್ಮನಿಗೆ ಈ ತೂತಿನ ಸುದ್ದಿ ಫೋನಿನಲ್ಲಿ ಹೇಳಿದಾಗ, "ಗುಜರಿಗೆ ಕೊಟ್ಟುಬಿಡು ಅಕ್ಕಾ, ಇನ್ನು ಸಾಕು" ಎಂದ. ಗುಜರಿಯವನು ಬಂದು ಬಾನೆಟ್ಟಿಗೆ ಎರಡು ಸಲ ಗುದ್ದಿ, 18,000 ರೂಪಾಯಿ ಎಂದ. ಅದೇ ಡಿಸೆಂಬರಿನಲ್ಲಿ ನೋಂದಣಿ ನವೀಕರಣವೂ ಬರುತ್ತಿತ್ತು. ಹದಿನೈದು ವರ್ಷ ದಾಟಿದ ಕಾರಿಗೆ ಐದೈದು ವರ್ಷಕ್ಕೊಮ್ಮೆ ಇದು ತಪ್ಪದು, ಅದಕ್ಕೆ ಗಾಡಿ ಸುಸ್ಥಿತಿಯಲ್ಲಿದೆ ಎಂದು ತೋರಿಸಲೇಬೇಕು. ಕೊಡುವುದೋ ಉಳಿಸುವುದೋ ತೀರ್ಮಾನಿಸುವ ಮೊದಲು ಒಮ್ಮೆ ಬಲ್ಲವರಿಗೆ ತೋರಿಸೋಣವೆಂದು ಹೆದ್ದಾರಿ ಬದಿಯ ಟಿಂಕರಿಂಗ್ ಶೆಡ್ಡಿಗೆ ಒಯ್ದೆ.

ಅಲ್ಲಿಯ ಮೇಸ್ತ್ರಿಗಳಿಗೆ ಅರವತ್ತು ದಾಟಿದೆ. ಹಳೆಯ ಫಿಯೆಟ್, ಅಂಬಾಸಿಡರ್‌ಗಳೆಂದರೆ ಅವರಿಗೆ ತವರಿನ ಹೆಣ್ಣುಮಕ್ಕಳಿದ್ದ ಹಾಗೆ; ಬಂದರೆ ಮೊದಲು ಸುತ್ತ ಒಂದು ಸಲ ತಿರುಗಿ ನೋಡಿಯೇ ಮಾತು. ಕೈಯಲ್ಲಿ ಒಂದು ಹಳೆಯ ಸ್ಕ್ರೂಡ್ರೈವರ್ ಹಿಡಿದು ಕಾರಿನಡಿ ಮಲಗಿದರು. ಅದರ ಹಿಡಿಯಿಂದ ತಳಕ್ಕೆ ಬಡಿಯುತ್ತಾ ಹೋದರು. ಗಟ್ಟಿ ಇದ್ದಲ್ಲಿ ಠಣ್ ಎನ್ನುತ್ತಿತ್ತು, ಇಲ್ಲದಲ್ಲಿ ಹಳಸಿದ ಹಪ್ಪಳದ ಹಾಗೆ ದಬ್ ಎನ್ನುತ್ತಿತ್ತು. ದಬ್ ಎಂದಲ್ಲಿ ಮೊನೆಯಿಂದ ಒತ್ತಿದರೆ ಸ್ಕ್ರೂಡ್ರೈವರ್ ಸಲೀಸಾಗಿ ಒಳಗೆ ಬಂದು ನನ್ನನ್ನು ನೋಡುತ್ತಿತ್ತು. ಠಣ್‌ಗಿಂತ ದಬ್‌ಗಳೇ ಹೆಚ್ಚು.

"ಎಂತ ಟೀಚರೇ, ಇದರಲ್ಲಿ ತಗಡು ಎಲ್ಲುಂಟು? ಬಣ್ಣ, ಟಾರು ಮಾತ್ರ ಉಂಟು" ಎನ್ನುತ್ತಾ ಹೊರಗೆ ಬಂದರು. "ಮೇಲಿಂದ ರೂಪಾಯಿ ಅಗಲ ತೂತು ಕಂಡರೆ ಕೆಳಗೆ ಊಟದ ತಟ್ಟೆ ಅಗಲ ಹೋಗಿರ್ತದೆ."

ರಸ್ತೆಯ ನೀರು ಕೆಳಗಿನಿಂದ ಬಡಿದು ತುಕ್ಕು ಹಿಡಿಯಿತೆಂದೇ ನಾನು ತಿಳಿದಿದ್ದೆ. ಅವರು ಅಲ್ಲವೆಂದರು. ಕೆಳಗೆ ತಾಗಿದ ನೀರು ಗಾಳಿಗೆ ಒಣಗುತ್ತದೆ. ಹಾಳುಮಾಡುವುದು ಒಳಗಿನ ನೀರು. ಮುಂದಿನ ಗಾಜಿನ ರಬ್ಬರು ಸವೆದು ಅಲ್ಲಿಂದ ತೊಟ್ಟಿಕ್ಕಿದ್ದು, ಒದ್ದೆ ಚಪ್ಪಲಿಯಲ್ಲಿ ಬಂದದ್ದು, ಎಲ್ಲ ಮ್ಯಾಟಿನ ಅಡಿಯ ನಾರಿನ ಹಾಸಿಗೆಯಲ್ಲಿ ಸೇರಿಕೊಂಡು ಜೂನಿನಿಂದ ಅಕ್ಟೋಬರಿನ ತನಕ ಒಣಗುವುದೇ ಇಲ್ಲ. ನಮ್ಮದು ವರ್ಷಕ್ಕೆ ಸುಮಾರು 4,000 ಮಿಲಿಮೀಟರ್ ಮಳೆ ಬೀಳುವ ಸೀಮೆ. ಅದರ ಮೇಲೆ ಉಪ್ಪುಗಾಳಿ. ಅಪ್ಪಯ್ಯ ವಾರಕ್ಕೆರಡು ಸಲ ಬೈಂದೂರಿನ ಕಡೆ ಹೋಗುತ್ತಿದ್ದದ್ದು ಮರವಂತೆಯ ಮೇಲೆ. ಒಂದು ಬದಿಗೆ ಸಮುದ್ರ, ಇನ್ನೊಂದು ಬದಿಗೆ ಸೌಪರ್ಣಿಕಾ ನದಿ, ನಡುವೆ ರಸ್ತೆ. ಮಳೆಗಾಲದಲ್ಲಿ ತೆರೆಯ ತುಂತುರು ರಸ್ತೆಗೇ ಬರುತ್ತದೆ. ದೋಸೆ ಕಾವಲಿಯನ್ನು ತೊಳೆದು ಒರೆಸದೆ ಕವುಚಿಟ್ಟರೆ ಮರುದಿನ ಏನಾಗುತ್ತದೆಂದು ನಮಗೆ ಗೊತ್ತು. ಇದು ಮೂವತ್ತೇಳು ಮಳೆಗಾಲ ಉಪ್ಪುನೀರಿನಲ್ಲಿ ತೊಳೆದು ಒದ್ದೆ ಬಟ್ಟೆ ಮುಚ್ಚಿಟ್ಟ ಕಾವಲಿ. ತಾಮ್ರಕ್ಕೆ ಹಿಡಿದ ಕಿಲುಬು ಒಳಗಿನ ತಾಮ್ರವನ್ನು ಸ್ವಲ್ಪ ಮಟ್ಟಿಗೆ ಕಾಯುತ್ತದಂತೆ. ಕಬ್ಬಿಣದ ತುಕ್ಕು ಹಾಗಲ್ಲ. ಅದು ಪುಡಿಪುಡಿಯಾಗಿ ಉಬ್ಬಿ ಉದುರುತ್ತದೆ, ಉದುರಿದಲ್ಲಿ ಹೊಸ ಕಬ್ಬಿಣ ಮತ್ತೆ ನೀರಿಗೆ ಮೈಯೊಡ್ಡುತ್ತದೆ.

"ಈಗ ಅಮ್ಮನವರು ಕೂರುವ ಬದಿ ನೋಡುವ" ಎಂದು ಮೇಸ್ತ್ರಿಗಳು ಎಡಗಡೆಯ ಮ್ಯಾಟ್ ಎತ್ತಿದರು. ಅಡಿಯಲ್ಲಿ ಒಂದು ಪ್ಲೈವುಡ್ ತುಂಡು, ಅಂಚುಗಳೆಲ್ಲ ಕೊಳೆತು ಪದರ ಬಿಟ್ಟಿತ್ತು. ಅದನ್ನು ಎತ್ತಿದರೆ ಒಂದು ಮಂದ ಟಾರು. ಟಾರನ್ನು ಕೆರೆದರೆ ಸುತ್ತಿಗೆಯಿಂದ ಬಡಿದು ಚಪ್ಪಟೆ ಮಾಡಿದ ಎಣ್ಣೆ ಡಬ್ಬಿಯ ತಗಡು. ಅದರಡಿಯಲ್ಲಿ ಏನೂ ಇರಲಿಲ್ಲ. ನೆಲ ಕಾಣುತ್ತಿತ್ತು.

ಮೇಸ್ತ್ರಿಗಳು ತಗಡನ್ನು ತಿರುಗಿಸಿ ನೋಡಿ, "ಇದು ಗ್ಯಾರೇಜಿನವರ ಕೆಲಸ ಅಲ್ಲ, ಮನೆಯಲ್ಲೇ ಯಾರೋ ಮಾಡಿದ್ದು" ಎಂದರು. ನನಗೆ ಗೊತ್ತಾಗಿಹೋಗಿತ್ತು. ಹದಿನೈದು ಕಿಲೋ ತೆಂಗಿನೆಣ್ಣೆಯ ಡಬ್ಬಿ. ಅಂಥ ಡಬ್ಬಿಗಳು ನಮ್ಮ ಅಂಗಡಿಯ ಹಿಂದೆ ರಾಶಿ ಬಿದ್ದಿರುತ್ತಿದ್ದವು. ಮೂಲೆಯನ್ನು ಒಳಕ್ಕೆ ಎರಡು ಸಲ ಮಡಚುವ ಆ ರೀತಿ ಅಪ್ಪಯ್ಯನದೇ. ಬೆಲ್ಲದ ಪೊಟ್ಟಣವನ್ನೂ ಹಾಗೆಯೇ ಮಡಚುತ್ತಿದ್ದರು.

"ಇದಕ್ಕೆ ಲಾರಿ, ಜೀಪಿನ ಹಾಗೆ ಕೆಳಗೆ ಬೇರೆ ಚಾಸಿ ಇಲ್ಲ ಟೀಚರೇ" ಎಂದರು ಮೇಸ್ತ್ರಿಗಳು, ಗಂಭೀರವಾಗಿ. "ಈ ತಳದ ತಗಡೇ ಇದರ ಬೆನ್ನೆಲುಬು. ಸೀಟಿನ ಬೋಲ್ಟ್ ಕೂತಿರುವುದೂ ಇದರ ಮೇಲೆಯೇ. ದೇವರು ದೊಡ್ಡವ."

ಮನೆಗೆ ಬಂದಾಗ ಅಮ್ಮ ಹಿತ್ತಲ ಕಟ್ಟೆಯ ಮೇಲೆ ಹಲಸಿನ ಬೀಜದ ಸಿಪ್ಪೆ ತೆಗೆಯುತ್ತಾ ಕೂತಿದ್ದಳು. ನಾನು ವಿಷಯ ಹೇಳಿದೆ. ಅವಳಿಗೆ ಆಶ್ಚರ್ಯವಾಗಲಿಲ್ಲ.

"ನಿನ್ನ ಬಿ.ಎಡ್. ವರ್ಷದ್ದು ಅದು" ಎಂದಳು. "ಆ ವರ್ಷ ತಳ ಪೂರ್ತಿ ಮಾಡಿಸ್ಬೇಕು ಅಂತ ನನ್ನ ಎರಡು ಬಳೆ ಕೊಟ್ಟಿದ್ದೆ. ಅಷ್ಟು ಹೊತ್ತಿಗೆ ನಿಂಗೆ ಮಂಗಳೂರಿನಲ್ಲಿ ಸೀಟು ಸಿಕ್ಕಿತು. ಫೀಸು, ಹಾಸ್ಟೆಲು. ಒಂದು ಭಾನುವಾರ ಅಂಗಡಿಯ ಹಿಂದೆ ಎಂತದೋ ಬಡಿತಾ ಇದ್ದರು. ಸಂಜೆ ಬಂದು, ತಳದ ಕೆಲಸ ಆಯ್ತು ಅಂದರು. ನಾನು ಆಯ್ತಾ ಅಂದೆ."

"ನಿನಗೆ ಯಾವಾಗ ಗೊತ್ತಾಯ್ತು?"

"ಮರುದಿನವೇ. ಮರವಂತೆ ದಾಟುವಾಗ ಕಾಲು ಒದ್ದೆ ಆಯ್ತಲ್ಲ. ನಂಗೆ ಗೊತ್ತುಂಟು ಅಂತ ಅವರಿಗೆ ಗೊತ್ತಾದ್ರೆ ಬೇಜಾರು ಮಾಡ್ಕೊಳ್ತಾರೆ ಅಂತ ಕಾಲು ಮೇಲಿಟ್ಟು ಕೂತೆ. ಆಮೇಲೆ ಅದೇ ರೂಢಿಯಾಯ್ತು."

ಅಷ್ಟು ಹೇಳಿ ಅಮ್ಮ ಮತ್ತೆ ಬೀಜ ಸುಲಿಯತೊಡಗಿದಳು. ನಾನು 1995ರಿಂದ 2017ಕ್ಕೆ ಎಷ್ಟು ವರ್ಷವೆಂದು ಲೆಕ್ಕ ಹಾಕಿದೆ. ಇಪ್ಪತ್ತೆರಡು. ಇಪ್ಪತ್ತೆರಡು ವರ್ಷ ಅವರಿಬ್ಬರೂ ಒಂದೇ ಸೀಟಿನಲ್ಲಿ ಅಕ್ಕಪಕ್ಕ ಕೂತು ಒಬ್ಬರಿಂದ ಒಬ್ಬರು ಒಂದು ತೂತನ್ನು ಮುಚ್ಚಿಟ್ಟಿದ್ದರು. ಹಿಂದೆ ಕೂತಿದ್ದ ನಾನು, ಆ ತೂತಿನ ದುಡ್ಡಿನಲ್ಲೇ ಓದಿ ಟೀಚರಾದವಳು, ಕಾಲು ಕೆಳಗಿಡಮ್ಮಾ ಎಂದು ಸಿಡುಕಿದ್ದೆ. ಆ ಕಾಲನ್ನು ಅವಳು ಕೆಳಗಿಟ್ಟು ಒತ್ತಿದ್ದರೆ? ಆ ರಾತ್ರಿ ಬಹಳ ಹೊತ್ತು ನಿದ್ದೆ ಬರಲಿಲ್ಲ.

ಆದರೆ ಮರುದಿನ ನಾನು ಮಾಡಹೊರಟದ್ದೇನು ಗೊತ್ತೇ? ಮೇಸ್ತ್ರಿಗಳು ಎರಡು ಲೆಕ್ಕ ಹೇಳಿದ್ದರು. ತೂತುಗಳ ಮೇಲೆ ಫೈಬರ್ ಪ್ಯಾಚ್ ಹಾಕಿ ಬಣ್ಣ ಬಳಿದರೆ 6,000. ಕೊಳೆತದ್ದನ್ನೆಲ್ಲ ಕತ್ತರಿಸಿ ಹೊಸ ತಗಡು ಕೂರಿಸಿದರೆ 32,000. "ತುಕ್ಕಿನ ಮೇಲೆ ಬೆಸುಗೆ ನಿಲ್ಲುವುದಿಲ್ಲ. ಒಳ್ಳೆ ತಗಡು ಸಿಗುವ ತನಕ ಕತ್ತರಿಸಲೇಬೇಕು. ಅರ್ಧದಲ್ಲಿ ನಿಲ್ಲಿಸುವುದಾದರೆ ನಾನು ಮಾಡುವುದಿಲ್ಲ, ಬೇರೆಯವರಿದ್ದಾರೆ" ಎಂದೂ ಹೇಳಿದ್ದರು. ಆ ತಿಂಗಳೇ ನನ್ನ ಮಗನ ಇಂಜಿನಿಯರಿಂಗಿನ ಫೀಸು ಕಟ್ಟಬೇಕಿತ್ತು. ಸದ್ಯಕ್ಕೆ ಆರು ಸಾವಿರದ ಪ್ಯಾಚ್ ಹಾಕಿಸಿ, ಮನೆಯಲ್ಲಿ ಎಲ್ಲ ಆಯಿತೆಂದು ಹೇಳಿದರಾಯಿತು, ಮುಂದಿನ ವರ್ಷ ನೋಡೋಣ ಎಂದು ಮನಸ್ಸಿನಲ್ಲೇ ಗುಣಿಸುತ್ತಾ ಸಾರಿಗೆ ಒಗ್ಗರಣೆ ಹಾಕುತ್ತಿದ್ದೆ. ಸಾಸಿವೆ ಸಿಡಿಯುವ ಹೊತ್ತಿಗೆ ಹೊಳೆಯಿತು. ನಾನು ಮತ್ತೊಂದು ಎಣ್ಣೆ ಡಬ್ಬಿ ಬಡಿಯಲು ಹೊರಟಿದ್ದೆ.

ಅಪ್ಪಯ್ಯ ಮಾಡಿದ್ದು ತಪ್ಪೆನ್ನಲು ನನಗೆ ಬಾಯಿಲ್ಲ. ಆದರೆ ಆ ರಾತ್ರಿ ಊಟಕ್ಕೆ ಕೂತಾಗ ಎಲ್ಲರೆದುರು ಬಾಯಿಬಿಟ್ಟು ಹೇಳಿದೆ. ಫೀಸು ಇಷ್ಟು, ತಳಕ್ಕೆ ಇಷ್ಟು, ನನ್ನ ಕೈಯಲ್ಲಿರುವುದು ಇಷ್ಟು. ನಮ್ಮವರು ತಮಾಷೆ ಮಾಡಲಿಲ್ಲ. "ವಾಷಿಂಗ್ ಮೆಷಿನ್ ಮುಂದಿನ ವರ್ಷ ತಗೊಂಡರಾಯ್ತು" ಎಂದರು. ಮಗ, "ಅಜ್ಜಯ್ಯನ ಕಾರಲ್ವಾ, ಮಾಡಿಸಮ್ಮ" ಎಂದ. ತಮ್ಮನಿಗೆ ಫೋನು ಮಾಡಿ ಬಳೆಯ ಕತೆ ಹೇಳಿದೆ. ಅತ್ತಲಿಂದ ಸ್ವಲ್ಪ ಹೊತ್ತು ಮಾತೇ ಇಲ್ಲ. ಮರುದಿನ ಅವನ ಪಾಲೆಂದು 10,000 ರೂಪಾಯಿ ಕಳಿಸಿದ.

ಆಗಸ್ಟಿನಲ್ಲಿ ಕೆಲಸ ಶುರುವಾಯಿತು. ಶಾಲೆ ಬಿಟ್ಟು ಬರುವಾಗ ದಿನಾ ಶೆಡ್ಡಿಗೆ ಹೋಗಿ ಒಂದು ಸ್ಟೂಲಿನ ಮೇಲೆ ಕೂತು ನೋಡುವುದು ನನಗೆ ಅಭ್ಯಾಸವಾಯಿತು. ಮೊದಲು ಬ್ಯಾಟರಿಯ ತಂತಿ ಬಿಚ್ಚಿದರು. ಪೆಟ್ರೋಲ್ ಟ್ಯಾಂಕ್ ಇಳಿಸಿ ದೂರ ಇಟ್ಟರು. ತಳದಡಿ ಹಾದುಹೋಗುವ ಪೆಟ್ರೋಲಿನ ಮತ್ತು ಬ್ರೇಕಿನ ಕೊಳವೆಗಳನ್ನು ಬಿಡಿಸಿದರು. ಸೀಟು, ಮ್ಯಾಟು, ನಾರು ಎಲ್ಲ ಹೊರಗೆ. ಬೆಸುಗೆಯ ಒಂದು ಕಿಡಿ ನಾರಿಗೆ ತಾಗಿದರೆ ಗಾಡಿಯೇ ಹೋಯಿತು. ಪಕ್ಕದಲ್ಲಿ ಎರಡು ಬಕೆಟ್ ನೀರು, ಒಂದು ಬಕೆಟ್ ಮರಳು.

ಕತ್ತರಿಸುವ ಮೊದಲು ಬಾಗಿಲಿನ ಜಾಗಕ್ಕೆ ಅಡ್ಡಡ್ಡಲಾಗಿ ಕಬ್ಬಿಣದ ಪಟ್ಟಿಗಳನ್ನು ಬೆಸೆದರು. ಯಾಕೆಂದು ಕೇಳಿದೆ. ತಳ ತೆಗೆದಾಗ ಗಾಡಿ ನಡುವಿನಲ್ಲಿ ಕುಸಿಯುತ್ತದೆ. ಕೂದಲೆಳೆಯಷ್ಟು ಕುಸಿದ ಮೇಲೆ ಹೊಸ ತಗಡು ಬೆಸೆದುಬಿಟ್ಟರೆ ಆ ಕುಸಿತ ಹಾಗೆಯೇ ಉಳಿದು ಮತ್ತೆ ಬಾಗಿಲುಗಳು ಜನ್ಮದಲ್ಲಿ ಸರಿಯಾಗಿ ಮುಚ್ಚುವುದಿಲ್ಲ. ಒಂದು ಬದಿ ಪೂರ್ತಿ ಮುಗಿಸಿದ ಮೇಲೆಯೇ ಇನ್ನೊಂದು ಬದಿಗೆ ಕೈ ಹಾಕಿದರು. ಹಳೆಯ ಮನೆಯ ಗೋಡೆ ಕೆಡವುವಾಗ ಮಾಡಿಗೆ ಊರೆಗೋಲು ಕೊಡುವುದಿಲ್ಲವೇ, ಹಾಗೆ.

ನಿಮಗೆ ಇಷ್ಟವಾಗಬಹುದಾದ ಭಾಗ ಮುಂದಿನದು. ಕಾರು ತಯಾರಿಕೆ ನಿಂತು ಇಪ್ಪತ್ತು ವರ್ಷದ ಮೇಲಾಗಿರುವಾಗ ತಳ ಅಂಗಡಿಯಲ್ಲಿ ಎಲ್ಲಿ ಸಿಗಬೇಕು? ಮೇಸ್ತ್ರಿಗಳು ರಟ್ಟಿನ ಪೆಟ್ಟಿಗೆಯೊಂದನ್ನು ಬಿಡಿಸಿ ತಳದ ಮೇಲಿಟ್ಟು ಪೆನ್ಸಿಲಿನಿಂದ ಗುರುತು ಹಾಕಿ ಕತ್ತರಿಸಿದರು. ನಾವು ಹಳೆಯ ಪೇಪರಿನಲ್ಲಿ ರವಿಕೆಯ ಅಳತೆ ಕತ್ತರಿಸುತ್ತೇವಲ್ಲ, ಸಾಕ್ಷಾತ್ ಅದೇ. ಅಂಚಿಗೆ ಅರ್ಧ ಇಂಚು ಮಡಿಕೆಯ ಬಟ್ಟೆ ಬಿಡುವುದೂ ಹಾಗೆಯೇ. ಆ ರಟ್ಟನ್ನು 18 ಗೇಜಿನ, ಅಂದರೆ ಸುಮಾರು 1.2 ಮಿಲಿಮೀಟರ್ ದಪ್ಪದ ತಗಡಿನ ಮೇಲಿಟ್ಟು ಕತ್ತರಿಸಿದರು. ಚಪ್ಪಟೆ ತಗಡು ಕಾಲಿಟ್ಟರೆ ತಟ್ಟೆಯ ಹಾಗೆ ಲೊಟಲೊಟ ಅನ್ನುತ್ತದೆ. ಅದಕ್ಕೇ ಕಂಪೆನಿಯವರು ತಳದಲ್ಲಿ ಉದ್ದುದ್ದ ಉಬ್ಬುಗೆರೆಗಳನ್ನು ಒತ್ತಿರುತ್ತಾರೆ. ಕಾಗದವನ್ನು ಮಡಚಿ ಬೀಸಣಿಗೆ ಮಾಡಿದರೆ ಗಟ್ಟಿಯಾಗುವ ಹಾಗೆ. ಮೇಸ್ತ್ರಿಗಳು ಮರದ ದಿಮ್ಮಿಯೊಂದರಲ್ಲಿ ಗೀರು ತೋಡಿ, ಅದರ ಮೇಲೆ ತಗಡಿಟ್ಟು, ಸುತ್ತಿಗೆಯಿಂದ ತಾಸುಗಟ್ಟಲೆ ಬಡಿದು ಆ ಗೆರೆಗಳನ್ನು ಎಬ್ಬಿಸಿದರು.

ಬೆಸುಗೆ ಹಾಕುವಾಗಲೂ ಒಂದು ತುದಿಯಿಂದ ಇನ್ನೊಂದು ತುದಿಗೆ ಒಂದೇ ಸಮನೆ ಎಳೆಯಲಿಲ್ಲ. ಇಲ್ಲೊಂದು ಚುಕ್ಕೆ, ಅಲ್ಲೊಂದು ಚುಕ್ಕೆ, ಮತ್ತೆ ನಡುವೆ ಒಂದು. ತಣಿಯಲು ಬಿಟ್ಟು ಮತ್ತೆ. ಒಮ್ಮೆಲೇ ಕಾಯಿಸಿದರೆ ತೆಳು ತಗಡು ಹಪ್ಪಳದ ಹಾಗೆ ಸೊಟ್ಟಗಾಗುತ್ತದೆ. "ಕಚ್ಚಾ ಹೊಲಿಗೆ ಹಾಕಿ ಆಮೇಲೆ ಮೆಷಿನ್ ಹೊಲಿಗೆ" ಎಂದೆ ನಾನು. ಮೇಸ್ತ್ರಿಗಳು ಕಣ್ಣಿನ ಗುರಾಣಿ ಸರಿಸಿ, "ಸರಿಯಾಗಿ ಹೇಳಿದಿರಿ ಟೀಚರೇ" ಎಂದು ಮೊದಲ ಸಲ ನಕ್ಕರು. ಆಮೇಲೆ ಮೇಲೆ ಕೆಳಗೆ ರೆಡ್ ಆಕ್ಸೈಡ್, ಸಂದುಗಳಿಗೆಲ್ಲ ಸೀಲರ್, ಕೆಳಭಾಗಕ್ಕೆ ತುಕ್ಕು ತಡೆಯುವ ದಪ್ಪ ಲೇಪ. ತಗ್ಗಿನ ಜಾಗದಲ್ಲಿ ನೀರು ಹರಿದುಹೋಗಲು ಸಣ್ಣ ತೂತು ಬಿಟ್ಟು ರಬ್ಬರ್ ಬಿರಡೆ ಹಾಕಿದರು. ಮುಂದಿನ ಗಾಜಿನ ರಬ್ಬರನ್ನೂ ಬದಲಿಸಿದರು. ನೀರು ಬರುವ ದಾರಿ ಮುಚ್ಚದೆ ತಳ ಹೊಸತು ಮಾಡಿದರೆ ಏನು ಬಂತು? "ಮಳೆಗಾಲದಲ್ಲಿ ವಾರಕ್ಕೊಮ್ಮೆ ಮ್ಯಾಟ್ ಎತ್ತಿ ಗಾಳಿಗೆ ಬಿಡಿ. ಮುಚ್ಚಿಡಬೇಡಿ" ಎಂದು ನನ್ನಿಂದ ಮಾತು ತೆಗೆದುಕೊಂಡರು.

ಎಣ್ಣೆ ಡಬ್ಬಿಯ ತಗಡನ್ನು ನೆನಪಿಗೆ ಇಟ್ಟುಕೊಳ್ಳೋಣವೆಂದು ಎತ್ತಿಕೊಂಡೆ. ಕೈಯಲ್ಲೇ ಪುಡಿಯಾಯಿತು.

ಮೂರು ವಾರವೆಂದು ಹೇಳಿದ ಕೆಲಸ, ನಡುವೆ ಚೌತಿ, ನವರಾತ್ರಿ ಬಂದು, ಅಕ್ಟೋಬರ್ ಕೊನೆಗೆ ಮುಗಿಯಿತು. ಕಾರು ಮನೆಗೆ ಬಂದ ವಾರವೇ ಟಿ.ವಿ.ಯಲ್ಲಿ ಸುದ್ದಿ. ಮುಂಬಯಿಯ ಕಪ್ಪು-ಹಳದಿ ಪದ್ಮಿನಿ ಟ್ಯಾಕ್ಸಿಗಳಲ್ಲಿ ಕಡೆಯದಾಗಿ ನೋಂದಣಿಯಾಗಿದ್ದಕ್ಕೂ ಇಪ್ಪತ್ತು ವರ್ಷದ ಮಿತಿ ಮುಗಿದು, 2023ರ ಅಕ್ಟೋಬರ್ 30ರಿಂದ ಆ ನಗರದ ರಸ್ತೆಯಲ್ಲಿ ಪದ್ಮಿನಿ ಟ್ಯಾಕ್ಸಿಯೇ ಇಲ್ಲವೆಂದು. ಅಮ್ಮ ಪರದೆಯನ್ನೇ ನೋಡುತ್ತಾ, "ಅಲ್ಲಿ ಮುಗಿಯಿತಾ?" ಎಂದು ಕೇಳಿದಳು. ಸ್ವಲ್ಪ ಹೊತ್ತು ಬಿಟ್ಟು, "ನಾಳೆ ಮರವಂತೆಗೆ ಹೋಗುವನಾ?" ಎಂದಳು.

ಹೋದೆವು. ಅಮ್ಮ ಮುಂದಿನ ಸೀಟಿನಲ್ಲಿ ಕೂತು ಚಪ್ಪಲಿ ಬಿಟ್ಟು ಬಲಗಾಲನ್ನು ಮೆಲ್ಲಗೆ ಕೆಳಗಿಟ್ಟಳು. ಹೊಸದಾಗಿ ಸಾರಿಸಿದ ನೆಲ ಒಣಗಿದೆಯೇ ಎಂದು ನೋಡುವವಳ ಹಾಗೆ ಒಮ್ಮೆ ಒತ್ತಿದಳು. ಮತ್ತೊಮ್ಮೆ ಒತ್ತಿದಳು. "ಗಟ್ಟಿ ಉಂಟು" ಎಂದಳು. ಎಡಗಾಲನ್ನೂ ಇಳಿಸಿದಳು. ತ್ರಾಸಿ ದಾಟಿ ಸಮುದ್ರ ಕಾಣುವ ಹೊತ್ತಿಗೆ ಪಕ್ಕಕ್ಕೆ ನೋಡುತ್ತೇನೆ, ಎರಡೂ ಕಾಲು ಮೇಲೆ ಹೋಗಿವೆ, ಅಮ್ಮ ಚಕ್ಕಳಮಕ್ಕಳ ಹಾಕಿ ಕೂತು ತೆರೆಗಳನ್ನು ನೋಡುತ್ತಿದ್ದಾಳೆ. ಗಾಜು ಇಳಿದೇ ಇತ್ತು. ಹೋಗುವ ಬರುವ ಬಸ್ಸಿನ ಜನರೆಲ್ಲ ನೋಡುತ್ತಿದ್ದರು. ನಾನು ಕಾಲು ಕೆಳಗಿಡು ಎನ್ನಲಿಲ್ಲ.

ಹಿಂತಿರುಗಿ ಬರುವಾಗ ನಮ್ಮ ಬೀದಿಯ ತಿರುವಿನ ಹೊಂಡದಲ್ಲಿ ಹಿಂದಿನ ರಾತ್ರಿಯ ಮಳೆಯ ನೀರು ಇನ್ನೂ ನಿಂತಿತ್ತು. ಚಕ್ರ ಅದಕ್ಕಿಳಿಯುವ ಮೊದಲೇ ನನ್ನ ಎಡಗೈ ತಾನಾಗಿ ಸೀರೆಯ ನೆರಿಗೆಯನ್ನು ಎತ್ತಿ ಹಿಡಿದಿತ್ತು. ಅಮ್ಮ ಅದನ್ನು ನೋಡಿದಳು. ಅವಳೂ ಏನೂ ಅನ್ನಲಿಲ್ಲ.